ಫ್ರಾನ್ಸ್‌ನ ಎಡಪಂಥೀಯ ಮತದಾರ ಯಾವ ಪಟ್ಟಿಗೆ ಮತ ಹಾಕಬೇಕು?

ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಫ್ರಾನ್ಸ್ ಇಡಿಯಾಗಿ ಒಂದೇ ಕ್ಷೇತ್ರ. ಮತದಾನದ ಸುತ್ತೂ ಒಂದೇ. ಮತ ಬೀಳುವುದು ಅಭ್ಯರ್ಥಿಗಳ ಪಟ್ಟಿಗೆ. ಶೇ 5 ಮತ ಮುಟ್ಟದ ಪಟ್ಟಿಗೆ ಸೀಟಿಲ್ಲ. ಇಷ್ಟವಾದ ಪಟ್ಟಿಯ ಚೀಟಿಯನ್ನು ಲಕೋಟೆಗೆ ಹಾಕಬೇಕು. ಅದರಲ್ಲಿ ಒಂದೇ ಒಂದು ಹೆಸರಿಗೆ ಕಾಟು ಹಾಕಿದರೂ ಮತ ಅಸಿಂಧು.

2024ರಲ್ಲಿ ಬಲಪಂಥೀಯ ನ್ಯಾಷನಲ್ ರ‍್ಯಾಲಿ ಶೇ 31 ದಾಟಿತು. ಎಡಪಂಥದ ಮತ ಹಂಚಿಹೋಯಿತು: ರಾಫೆಲ್ ಗ್ಲುಕ್ಸ್‌ಮನ್ ಮುನ್ನಡೆಸಿದ ಸಮಾಜವಾದಿ ಪಟ್ಟಿಗೆ ಶೇ 13.8, ಮನೋನ್ ಓಬ್ರಿ ನೇತೃತ್ವದ 'ಫ್ರಾನ್ಸ್ ಅನ್‌ಬೌಡ್' ಪಕ್ಷಕ್ಕೆ ಶೇ 9.9, ಹಸಿರು ಪಕ್ಷಕ್ಕೆ ಶೇ 5.5.

ಮೊದಲೆರಡರ ನಡುವೆ ಆಯ್ಕೆಯಾದರೆ ಉಕ್ರೇನ್ ವಿಷಯವನ್ನೇ ಮೊದಲು ನೋಡಿ. ಗ್ಲುಕ್ಸ್‌ಮನ್ ಉಕ್ರೇನ್‌ಗೆ ಇನ್ನಷ್ಟು ಶಸ್ತ್ರಾಸ್ತ್ರ ಕೊಡಿ, ಯುರೋಪಿನ ರಕ್ಷಣಾ ಬಲ ಹೆಚ್ಚಿಸಿ ಎನ್ನುತ್ತಾರೆ. ಓಬ್ರಿಯವರ ಪಕ್ಷ ರಷ್ಯಾದ ದಾಳಿಯನ್ನು ಖಂಡಿಸಿದರೂ ಒತ್ತು ಕೊಡುವುದು ಮಾತುಕತೆಗೆ. ಪ್ರಚಾರದುದ್ದಕ್ಕೂ ಗಾಜಾವನ್ನು ಮುಂದಿಟ್ಟಿತು. ಯುರೋಪಿಯನ್ ಒಕ್ಕೂಟದ ನಿಯಮಗಳು ತನ್ನ ಕಾರ್ಯಕ್ರಮಕ್ಕೆ ಅಡ್ಡ ಬಂದರೆ ಅವನ್ನು ಪಾಲಿಸುವುದಿಲ್ಲ ಎಂಬ ನಿಲುವೂ ಅದರದ್ದು. ಒಕ್ಕೂಟ ಗಟ್ಟಿಯಾಗಬೇಕು ಎನ್ನುವವರಿಗೆ ಗ್ಲುಕ್ಸ್‌ಮನ್ ಪಟ್ಟಿಯೇ ಸರಿ ಎಂದು ನನಗನಿಸುತ್ತದೆ.

ಹವಾಮಾನವೇ ಮುಖ್ಯ ಎನ್ನುವವರಿಗೆ ಹಸಿರು ಪಟ್ಟಿ. ಅಲ್ಲಿ ಪ್ರತಿ ಮತಕ್ಕೂ ತೂಕ ಹೆಚ್ಚು: ಶೇ 5ರ ಗೆರೆ ದಾಟಿದ್ದರಿಂದ ಐದು ಸೀಟು ಬಂತು, ತಪ್ಪಿದ್ದರೆ ಸೊನ್ನೆ.

ಅದಾದ ಕೆಲವೇ ವಾರಗಳಲ್ಲಿ ನಡೆದ ರಾಷ್ಟ್ರೀಯ ಚುನಾವಣೆಯಲ್ಲಿ ಈ ಪಕ್ಷಗಳು ಒಂದೇ ಮೈತ್ರಿಕೂಟದಲ್ಲಿದ್ದವು, ನಿಜ. ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಸಂಸತ್ತಿನಲ್ಲಿ ಮಾತ್ರ ಅವು ಮೂರು ಬೇರೆ ಬೇರೆ ಗುಂಪುಗಳಲ್ಲಿ ಕೂರುತ್ತವೆ.