ಫೈಲ್ ತೆರೆದಿಟ್ಟು ಸ್ಲೀಪ್‌ಗೆ ಹಾಕಿ ಶಟರ್ ಎಳೆಯುವವರಿಗೆ ಒಂದು ಎಚ್ಚರಿಕೆ

ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಬ್ರಹ್ಮಕಲಶದ ಆಮಂತ್ರಣವೋ ಮದುವೆ ಕಾಗದವೋ ಅರ್ಧ ಆಗಿರುವಾಗಲೇ ಪುಟ ವಿನ್ಯಾಸದ ಪೇಜ್‌ಮೇಕರ್ ತೆರೆದಿಟ್ಟು, ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಮನೆಗೆ ಹೋಗುವುದು ಮಾಮೂಲು. ಬೆಳಿಗ್ಗೆ ಬಂದರೆ ಎದುರಿಗೆ ಲಾಗಿನ್ ಪರದೆ. ಒಳಗೆ ಹೋದರೆ ಡೆಸ್ಕ್‌ಟಾಪ್ ಖಾಲಿ, ನುಡಿ ಚಾಲೂ ಆಗಿಲ್ಲ, ನಿನ್ನೆ ಸಂಜೆ ಕೂತು ಹೊಡೆದ ಸಮಿತಿ ಸದಸ್ಯರ ಪಟ್ಟಿ ಕಾಣೆ. ದೇವಸ್ಥಾನದವರು ಪ್ರೂಫ್ ನೋಡಲಿಕ್ಕೆ ಬಂದು ನಿಂತಿರುತ್ತಾರೆ. ಸರಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಗಳಲ್ಲಾದರೆ ಅರ್ಜಿಯ ಕೊನೇ ದಿನ, ಎದುರಿಗೆ ಜನರ ಸಾಲು, ಪರದೆಯಲ್ಲಿ ವಿಂಡೋಸ್ ಅಪ್‌ಡೇಟ್ ಶೇಕಡಾ 30ಕ್ಕೆ ನಿಂತು ಸುತ್ತುವ ಚುಕ್ಕಿಗಳು.

ಬೈಯುವ ಮೊದಲು ಕಂಪ್ಯೂಟರನ್ನು ಬಂದ್ ಮಾಡಿದ್ದು ವಿಂಡೋಸ್ ಅಪ್‌ಡೇಟೋ ಕರೆಂಟೋ ಎಂದು ನೋಡಿ. ಕರೆಂಟು ಹೋದದ್ದಕ್ಕೆ ಅಪ್‌ಡೇಟನ್ನು, ಅಪ್‌ಡೇಟ್ ಮಾಡಿದ್ದಕ್ಕೆ ಕರೆಂಟನ್ನು ಬೈಯುವುದು ನಮ್ಮಲ್ಲಿ ಸಾಮಾನ್ಯ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಇವೆಂಟ್ ವ್ಯೂವರ್ ತೆರೆಯಿರಿ; ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಬಲಗಡೆಯ 'ಫಿಲ್ಟರ್ ಕರೆಂಟ್ ಲಾಗ್' ಒತ್ತಿ 1074, 41, 6008 ಎಂದು ಸಂಖ್ಯೆ ಕೊಡಿ. 1074 ಇದ್ದರೆ ಯಾವುದೋ ಪ್ರೋಗ್ರಾಮ್ ಹೇಳಿ ಮಾಡಿಸಿದ ರೀಸ್ಟಾರ್ಟ್. ಕೆಳಗಿನ ವಿವರದಲ್ಲಿ ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ಹೆಸರು ಕಂಡರೆ ಅಪ್‌ಡೇಟಿನದೇ ಕೆಲಸ. 41 ಮತ್ತು 6008 ಮಾತ್ರ ಇದ್ದರೆ ಕರೆಂಟು ಕೈಕೊಟ್ಟಿದೆ ಅಥವಾ ಯಂತ್ರವೇ ಹ್ಯಾಂಗ್ ಆಗಿದೆ. ಅದಕ್ಕೆ ಮದ್ದು ಯುಪಿಎಸ್ಸಿನಲ್ಲೋ ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ಸಿನಲ್ಲೋ ಹುಡುಕಬೇಕು, ಅಪ್‌ಡೇಟ್ ಸೆಟ್ಟಿಂಗಿನಲ್ಲಿ ಸಿಗಲಿಕ್ಕಿಲ್ಲ.

ಅಪ್‌ಡೇಟಿಗೆ ಒಂದು ಪಂಚಾಂಗ ಉಂಟು. ಮೈಕ್ರೋಸಾಫ್ಟ್ ತಿಂಗಳ ಮುಖ್ಯ ಭದ್ರತಾ ಅಪ್‌ಡೇಟನ್ನು ಎರಡನೇ ಮಂಗಳವಾರ ಬಿಡುತ್ತದೆ, ನಮ್ಮ ಗಡಿಯಾರದಲ್ಲಿ ರಾತ್ರಿ 10:30 ಅಥವಾ 11:30ಕ್ಕೆ. ಬುಧವಾರ ಹಗಲು ಸದ್ದಿಲ್ಲದೆ ಡೌನ್‌ಲೋಡ್ ಆಗಿ, ಆ ರಾತ್ರಿಯಿಂದಲೇ ರೀಸ್ಟಾರ್ಟಿಗೆ ಹೊಂಚು ಹಾಕಲು ಶುರು. 'ಆಕ್ಟಿವ್ ಅವರ್ಸ್' (ರೀಸ್ಟಾರ್ಟ್ ಮಾಡಬಾರದ ಕೆಲಸದ ಹೊತ್ತು) ಕೊಟ್ಟಿದ್ದೇವೆ, ಭಯವಿಲ್ಲ ಎನ್ನುವವರು ಗಮನಿಸಿ: ಅದನ್ನು ಹೆಚ್ಚೆಂದರೆ 18 ಗಂಟೆಗೆ ಇಡಬಹುದು. ಬೆಳಿಗ್ಗೆ 6ರಿಂದ ರಾತ್ರಿ 12 ಎಂದು ಕೊಟ್ಟರೆ ಉಳಿದ 6 ಗಂಟೆ ಅದರದ್ದೇ. ಸ್ಲೀಪಿನಲ್ಲಿದ್ದ ಯಂತ್ರವನ್ನು ತಾನೇ ಎಬ್ಬಿಸಿ ಕೆಲಸ ಮುಗಿಸುವ ವ್ಯವಸ್ಥೆಯೂ ಉಂಟು, ವೇಕ್ ಟೈಮರ್ ಎಂದು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ. ಆಕ್ಟಿವ್ ಅವರ್ಸ್ 'ಆಟೊಮ್ಯಾಟಿಕಲಿ' ಎಂದಿದ್ದರೆ 'ಮ್ಯಾನುವಲಿ' ಮಾಡಿ. ಜಾತ್ರೆ ಸೀಸನ್ನಿನಲ್ಲಿ ರಾತ್ರಿ ಕೆಲಸ ಮಾಡುವ ಅಂಗಡಿಯ ಸಮಯ ಅದಕ್ಕೆ ಅಂದಾಜು ಸಿಕ್ಕುವುದಿಲ್ಲ. 'ಗೆಟ್ ಮಿ ಅಪ್ ಟು ಡೇಟ್' ಕಡ್ಡಾಯವಾಗಿ ಆಫ್ ಇರಲಿ. ಇದು ಆನ್ ಇದ್ದರೆ ಆಕ್ಟಿವ್ ಅವರ್ಸ್ ಲೆಕ್ಕಕ್ಕಿಲ್ಲ, 15 ನಿಮಿಷ ಮೊದಲು ಒಂದು ಸೂಚನೆ ಕೊಟ್ಟು ಬಂದ್ ಮಾಡುತ್ತದೆ. ಎದುರಿನ ಹೋಟೆಲಿಗೆ ಚಾ ಕುಡಿಯಲಿಕ್ಕೆ ಹೋದರೆ ಮುಗಿಯಿತು. ರೀಸ್ಟಾರ್ಟ್ ಬೇಕಾದಾಗ ತಿಳಿಸು ಎನ್ನುವ ಆಯ್ಕೆ ಆನ್ ಇರಲಿ. ವೇಕ್ ಟೈಮರ್ ನಿಲ್ಲಿಸಲು ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ತೆರೆದು, ಸ್ಲೀಪ್ ಅಡಿಯಲ್ಲಿ 'ಅಲೋ ವೇಕ್ ಟೈಮರ್ಸ್' ಡಿಸೇಬಲ್ ಮಾಡಿ. ಪ್ರೊ ಆವೃತ್ತಿ ಇದ್ದವರು ಗ್ರೂಪ್ ಪಾಲಿಸಿ ಎಡಿಟರಿನಲ್ಲಿ 'ಕಾನ್ಫಿಗರ್ ಆಟೊಮ್ಯಾಟಿಕ್ ಅಪ್‌ಡೇಟ್ಸ್' ಎನೇಬಲ್ ಮಾಡಿ 3 ಆರಿಸಿದರೆ, ಡೌನ್‌ಲೋಡ್ ಆಗಿ ಇನ್‌ಸ್ಟಾಲ್‌ಗೆ ನಿಮ್ಮನ್ನು ಕೇಳುತ್ತದೆ. ಮೊಬೈಲ್ ಡೇಟಾದಲ್ಲಿ ನಡೆಸುವವರಿಗೆ 2 ಒಳ್ಳೆಯದು, ಡೌನ್‌ಲೋಡಿಗೂ ಕೇಳುತ್ತದೆ. ಹೋಮ್ ಆವೃತ್ತಿಯಲ್ಲಿ ಈ ಎಡಿಟರ್ ಇಲ್ಲ. ಎರಡನೇ ಮಂಗಳವಾರದ ಮರುದಿನ ಬೆಳಿಗ್ಗೆ 'ಪಾಸ್ ಅಪ್‌ಡೇಟ್ಸ್' (Pause updates) ಒಂದು ವಾರಕ್ಕೆ ಹಾಕಿ. ಒಟ್ಟು 5 ವಾರದವರೆಗೆ ಮುಂದೂಡಬಹುದು. ಅವಧಿ ಮುಗಿದರೆ ಅದು ತಾನಾಗಿಯೇ ಶುರು ಮಾಡುವುದರಿಂದ, ಅದಕ್ಕೆ ಮೊದಲೇ ಒಂದು ಭಾನುವಾರ ನೀವೇ ಮಾಡಿ ಮುಗಿಸಿ.

ಆ ಭಾನುವಾರ ಆಕಾಶ ನೋಡಿಕೊಳ್ಳಿ. ತುಲಾ ತಿಂಗಳ ಮಧ್ಯಾಹ್ನದ ಗುಡುಗು, ಆಟಿಯ ಗಾಳಿಮಳೆ ಹೊತ್ತಿನಲ್ಲಿ ರೀಸ್ಟಾರ್ಟ್ ಒತ್ತುವುದು ಬೇಡವೇ ಬೇಡ. ಹಳೇ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ರೀಸ್ಟಾರ್ಟ್ ನಂತರದ ಹಂತ ಅರ್ಧ ಗಂಟೆ ಮೀರಬಹುದು. ಅಂಗಡಿಯ 600 ವಿಎ ಯುಪಿಎಸ್ ಡೆಸ್ಕ್‌ಟಾಪನ್ನು ಹಿಡಿದು ನಿಲ್ಲಿಸುವುದು ಹತ್ತು-ಹದಿನೈದು ನಿಮಿಷ, ಅದೂ ಬ್ಯಾಟರಿ ಹೊಸದಿದ್ದರೆ. ಸಿಸ್ಟಮ್ ಫೈಲುಗಳು ಅದಲುಬದಲಾಗುವ ನಡುವೆ ಕರೆಂಟು ಹೋದರೆ ಅದೃಷ್ಟವಿದ್ದವರಿಗೆ 'ಅನ್‌ಡೂಯಿಂಗ್ ಚೇಂಜಸ್' ಬಂದು ಹಳೆಯದಕ್ಕೆ ಮರಳುತ್ತದೆ, ಇಲ್ಲದವರಿಗೆ ನೀಲಿ ಪರದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಈ ಹಂತ ಎಷ್ಟೋ ಚಿಕ್ಕದಾಗುತ್ತದೆ.

ಸೇವ್ ವಿಷಯ. ವರ್ಡ್‌ನ ಆಟೊ ರಿಕವರ್ ಮೊದಲೇ 10 ನಿಮಿಷಕ್ಕೆ ಇರುತ್ತದೆ. ಫೈಲ್, ಆಪ್ಷನ್ಸ್, ಸೇವ್‌ಗೆ ಹೋಗಿ 1 ಮಾಡಿ. ಪೇಜ್‌ಮೇಕರಿನಲ್ಲಿ ನಿಮಿಷದ ಲೆಕ್ಕದ ವ್ಯವಸ್ಥೆಯೇ ಇಲ್ಲ. ಪುಟ ಬದಲಿಸಿದಾಗ, ಪ್ರಿಂಟ್ ಕೊಟ್ಟಾಗ ಒಳಗೊಳಗೇ ಮಿನಿ-ಸೇವ್ ಆಗುತ್ತದೆ, ಅಷ್ಟೆ. ಒಂದೇ ಪುಟದ ಆಮಂತ್ರಣದಲ್ಲಿ ಪುಟ ಬದಲಿಸುವ ಪ್ರಶ್ನೆಯೇ ಬರುವುದಿಲ್ಲವಾದ್ದರಿಂದ ಕಂಟ್ರೋಲ್-ಎಸ್ ಕೈಗೆ ರೂಢಿಯಾಗಬೇಕು.

ಇಷ್ಟೆಲ್ಲ ತಲೆಬಿಸಿ ಯಾಕೆ, ಅಪ್‌ಡೇಟನ್ನೇ ಕಟ್ ಮಾಡಿಕೊಡುತ್ತೇವೆ ಎನ್ನುವ ಸರ್ವಿಸ್‌ನವರು ಸಿಗುತ್ತಾರೆ. ಒಪ್ಪಬೇಡಿ. ಸರ್ವಿಸಸ್‌ನಲ್ಲಿ ವಿಂಡೋಸ್ ಅಪ್‌ಡೇಟನ್ನು ಡಿಸೇಬಲ್ ಮಾಡಿದರೂ ಮೆಡಿಕ್ ಎಂಬ ಇನ್ನೊಂದು ಸರ್ವಿಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ಪೂರ್ತಿ ನಿಂತರೆ ಇನ್ನೂ ಅಪಾಯ: 2017ರ ಮೇಯಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ವೈರಸ್ ಬಂದಾಗ ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರುಗಳೂ ಲಾಕ್ ಆಗಿದ್ದವು, ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಹಾಗೆಂದು ಬಂದ ದಿನವೇ ಹಾಕಿಕೊಳ್ಳುವುದೂ ಜಾಣತನವಲ್ಲ. 2018ರ ಅಕ್ಟೋಬರಿನ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟುಗಳನ್ನೇ ಅಳಿಸಿ, ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 2021ರ ಮಾರ್ಚಿನದು ಕೆಲವು ಪ್ರಿಂಟರುಗಳಿಗೆ ಪ್ರಿಂಟ್ ಕೊಟ್ಟ ಕೂಡಲೇ ನೀಲಿ ಪರದೆ ತೋರಿಸಿತು. ಒಂದು ವಾರ ತಡೆಯಿರಿ ಎನ್ನುವುದು ಇದಕ್ಕೇ.

ಅಪ್‌ಡೇಟ್ ಆದ ಮೇಲೆ ಯಂತ್ರ ಏಳದಿದ್ದರೆ ಕೂಡಲೇ ಫಾರ್ಮ್ಯಾಟ್ ಮಾಡಿಸಬೇಡಿ. ವಿಂಡೋಸ್ ಲೋಡ್ ಆಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು-ಮೂರು ಸಲ ಹೀಗೆ ಮಾಡಿದರೆ ರಿಕವರಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಅಲ್ಲಿ 'ಲೇಟೆಸ್ಟ್ ಕ್ವಾಲಿಟಿ ಅಪ್‌ಡೇಟ್' ತೆಗೆಯಿರಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಹಂತದಲ್ಲಿ ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ 48 ಅಂಕಿಗಳ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಸೆಟಪ್ ಮಾಡಿದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಮಾರಿದ ಅಂಗಡಿಯವರೇ ತಮ್ಮ ಇಮೇಲ್ ಹಾಕಿ ಸೆಟಪ್ ಮಾಡಿ ಕೊಟ್ಟಿದ್ದರೆ ಕೀ ಅವರ ಬಳಿ ಉಂಟು. ಇವತ್ತೇ ಕೇಳಿ ಪಡೆದು, ಕಾಗದದಲ್ಲಿ ಬರೆದು, ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲದೆ ಬೇರೆ ಕಡೆ ಇಡಿ.