ಸ್ಲ್ಯಾಬ್ ಕಟಿಂಗ್ ಸೇವೆ: ಕೊಯ್ತಕ್ಕೆ ಪೂರ್ತಿ ಅಂಕ, ನೀರಿಗೆ ಸೊನ್ನೆ

ಕಚೇರಿ ಕಟ್ಟಡದಲ್ಲಿ ಹೊಸ ಮೆಟ್ಟಿಲಿಗಾಗಿ 150 ಮಿ.ಮೀ. ದಪ್ಪದ ಸ್ಲ್ಯಾಬ್ ತೆರೆಯುವ ಕೆಲಸ. ಬ್ರೇಕರ್‌ನಿಂದ ಕುಟ್ಟದೆ ಡೈಮಂಡ್ ಬ್ಲೇಡ್ ಬಳಸಿದ್ದರಿಂದ ಅಂಚು ನೆಟ್ಟಗಿದೆ, ಬಿರುಕಿಲ್ಲ. ಮೊದಲು ನಾಲ್ಕೂ ಮೂಲೆಗೆ ಕೋರ್ (ಡ್ರಿಲ್‌ನಿಂದ ಕೊರೆದ ದುಂಡು ತೂತು) ಹೊಡೆದರು. ಇಲ್ಲದಿದ್ದರೆ ದುಂಡು ಬ್ಲೇಡ್ ಗೆರೆ ದಾಟಿ ಉಳಿಯಬೇಕಾದ ಕಂಬಿಯನ್ನೇ ಕೊಯ್ಯುತ್ತದೆ. ಕಸುಬು ಗೊತ್ತಾಗುವುದೇ ಇಲ್ಲಿ. ಒಂದು ಮೀಟರ್ ಚೌಕದ ತುಂಡೇ ಸುಮಾರು 375 ಕೆ.ಜಿ. ತೂಗುತ್ತದೆ. ಕೆಳಗೆ ಜಾಕಿ ಕೊಟ್ಟು, ಚೈನ್ ಬ್ಲಾಕ್‌ಗೆ (ಭಾರ ಎತ್ತುವ ಸರಪಳಿ ರಾಟೆ) ಬಿಗಿದ ಮೇಲೆಯೇ ಕೊನೆಯ ಕೊಯ್ತ.

ಬ್ಲೇಡ್ ತಣಿಸಲು ಬಿಟ್ಟ ನೀರು ಮಾತ್ರ ಸಿಮೆಂಟ್ ರಾಡಿಯಾಗಿ ಕೆಳಗಿನ ಅಂಗಡಿಯ ಫಾಲ್ಸ್ ಸೀಲಿಂಗ್‌ಗೆ ಇಳಿಯಿತು. ಟಾರ್ಪಾಲೂ ಇಲ್ಲ, ನೀರೆಳೆಯುವ ವ್ಯಾಕ್ಯೂಮೂ ಇಲ್ಲ! ದರ ಕೊಯ್ದ ಉದ್ದದ ರನ್ನಿಂಗ್ ಮೀಟರ್ ಲೆಕ್ಕದಲ್ಲಿ, ಡೆಬ್ರಿಸ್ ಸಾಗಾಟ ಬೇರೆ. ಕೊಟೇಶನ್‌ನಲ್ಲಿ ನೀರಿನ ವ್ಯವಸ್ಥೆ, ಸಾಗಾಟ ಎರಡನ್ನೂ ಮೊದಲೇ ಬರೆಸಿಕೊಳ್ಳಿ.