ಪ್ರಾಜೆಕ್ಟ್ ದುಡ್ಡಿಗೆ ಬರೆಸಬೇಡಿ, ನನ್ನ ಒಂದು ವರ್ಷ ಹೋಯಿತು

ಎಂ.ಕಾಂ. ಕೊನೆಯ ಸೆಮಿಸ್ಟರ್‌ನಲ್ಲಿರುವ, ಕನ್ನಡ ಮೀಡಿಯಂನಿಂದ ಬಂದ ತಮ್ಮ ತಂಗಿಯರೇ, ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನ ವಿಷಯ ಹೂವಿನ ವ್ಯಾಪಾರಿಗಳ ಸಾಲ. ಬೆಳಗಿನ ಜಾವ 4 ಗಂಟೆಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ 40 ಜನರನ್ನು ನಾನೇ ಮಾತಾಡಿಸಿದ್ದೆ. ಬೆಳಿಗ್ಗೆ 900 ರೂಪಾಯಿ ತಗೊಂಡು ಸಂಜೆಗೆ 1,000 ಕಟ್ಟುವ ಮೀಟರ್ ಬಡ್ಡಿಯ ಲೆಕ್ಕವೆಲ್ಲ ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿತ್ತು. ಅದನ್ನು ಇಂಗ್ಲಿಷ್‌ನಲ್ಲಿ ಬರೆಯಲು ಕೂತರೆ ಕೈಯೇ ಓಡಲಿಲ್ಲ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯವರು ‘4,000 ಕೊಡಿ, ಬೈಂಡಿಂಗ್ ಸಮೇತ ಕೊಡ್ತೀವಿ, ಚೆಕಿಂಗ್‌ನಲ್ಲಿ ಸಿಗಲ್ಲ’ ಅಂದರು. ಕೊಟ್ಟೆ.

ಅವರು ಯಾರದೋ ಹಳೆಯ ಪ್ರಾಜೆಕ್ಟ್ ತೆಗೆದು, ಪದ ಬದಲಿಸುವ ಸಾಫ್ಟ್‌ವೇರ್‌ಗೆ ಹಾಕಿದ್ದರು. ನಾನು ಸರಿಯಾಗಿ ಓದದೆ ಸೈನ್ ಮಾಡಿ ಕೊಟ್ಟೆ. ಗೈಡ್ ಮೇಡಂ ಕರೆಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ರೇಟ್ ಆಫ್ ಇಂಟರೆಸ್ಟ್’ ಇರಬೇಕಾದ ಜಾಗದಲ್ಲಿ ‘ಸ್ಪೀಡ್ ಆಫ್ ಕ್ಯೂರಿಯಾಸಿಟಿ’ ಅಂತಿತ್ತು. ಬಡ್ಡಿ ಹೋಗಿ ಕುತೂಹಲ ಆಗಿತ್ತು. ‘ಏನಮ್ಮ ಇದು?’ ಅಂದರು. ಬಾಯಿ ಒಣಗಿತು. ಆಮೇಲೆ ಕನ್ನಡದಲ್ಲೇ ಕೇಳಿದರು: ‘ಹೂವಿನವರು ಎಷ್ಟು ಬಡ್ಡಿ ಕಟ್ತಾರೆ?’ ಹತ್ತು ನಿಮಿಷ ನಿಲ್ಲಿಸದೆ ಹೇಳಿದೆ. ‘ಇದನ್ನೇ ಬರೆಯಬಾರದಿತ್ತಾ? ತಪ್ಪಿದ್ದರೆ ನಾನು ತಿದ್ದುತ್ತಿದ್ದೆನಲ್ಲ’ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅಷ್ಟು ಪದ ಬದಲಿಸಿದ್ದರೂ, ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್‌ನಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ 47% ಬಂದಿತ್ತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ 10% ವರೆಗೆ ದಂಡನೆ ಇಲ್ಲ. 40% ಒಳಗಿದ್ದರೆ ತಿದ್ದಿ ಮತ್ತೆ ಕೊಡಬಹುದು. 40 ದಾಟಿ 60ರ ಒಳಗಿದ್ದರೆ ಒಂದು ವರ್ಷ ಮತ್ತೆ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅಂಗಡಿಯವರು ‘ನಾವು ಬೈಂಡಿಂಗ್ ಮಾತ್ರ ಮಾಡಿದ್ದು’ ಅಂದುಬಿಟ್ಟರು. ದುಡ್ಡೂ ಬರಲಿಲ್ಲ. ಊರಲ್ಲಿ ಅಪ್ಪನಿಗೆ ಹೇಳಿದ ದಿನ ನೆನಪಿಸಿಕೊಳ್ಳಲೂ ಆಗುವುದಿಲ್ಲ.

ಇನ್ನೊಂದು ವಿಷಯ ನನಗೆ ಆಗ ಗೊತ್ತೇ ಇರಲಿಲ್ಲ. ಬೇರೆಯವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಎಲ್ಲಿಂದ ತಗೊಂಡಿದ್ದು ಅಂತ ಬರೆದರೆ ಅದನ್ನು ಹೋಲಿಕೆಯ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅದನ್ನು ಹೇಗೆ ಬರೆಯಬೇಕು ಅಂತ ಗೈಡ್ ಹತ್ತಿರ ಮೊದಲ ವಾರವೇ ಕೇಳಿ. ಇಂಗ್ಲಿಷ್ ಹರಕುಮುರುಕಾಗಿದ್ದರೂ ಸರಿ, ಅದನ್ನೇ ತೋರಿಸಿ. ‘5%ಗೆ ಇಳಿಸಿ ಕೊಡ್ತೀವಿ’ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಈಗ ಅದೇ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೊನ್ನೆ ಮೊದಲ ಅಧ್ಯಾಯ ವಾಪಸ್ ಬಂತು. ಪುಟದ ತುಂಬ ಮೇಡಂ ತಿದ್ದಿದ ಕೆಂಪು ಗೆರೆ. ಬಡ್ಡಿಯ ಲೆಕ್ಕದ ಪಕ್ಕದಲ್ಲಿ ಮಾತ್ರ ಒಂದು ಟಿಕ್ ಇತ್ತು.